ಬೋರಲು ಹಾಕಿದ ಲೋಟ

ಫೆಬ್ರವರಿ ೩

ತಮ್ಮನಿಗೆ,

ಫೋನಿನಲ್ಲಿ ನಾವಿಬ್ಬರೂ ಮಾತಿಗೆ ಕೂತರೆ ಹಲೋ ಮುಗಿಯುವ ಮುಂಚೆ ಜಗಳ. ನೀನು ಪಟ್ಟನೆ ಇಟ್ಟುಬಿಡುತ್ತೀ, ನಾನು ಆ ಸಿಟ್ಟನ್ನು ದಿನವೆಲ್ಲ ಲ್ಯಾಬಿನಲ್ಲಿ ಕಂಡಕಂಡವರ ಮೇಲೆ ತೀರಿಸಿಕೊಳ್ಳುತ್ತೇನೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀ.

ನಿನ್ನ ಲಿವರ್ ಗಟ್ಟಿಯಾಗುತ್ತಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಇದನ್ನು ನನಗೆ ಹೇಳಿದವಳು ನಿನ್ನ ಹೆಂಡತಿ, ನೀನಲ್ಲ. ಯಾಕೆ ಮುಚ್ಚಿಟ್ಟೆ? ನಾನು ಈ ನಗರದ ದೊಡ್ಡಾಸ್ಪತ್ರೆಯಲ್ಲಿ ಇಡೀ ದಿನ ಲಿವರಿನ ಕಲೆಗಳನ್ನೇ ನೋಡುತ್ತಾ ಕೂತಿರುವವಳು. ಊರಿನವರೆಲ್ಲರಿಗೂ ಸಲಹೆ ಕೊಡುವ ಅಕ್ಕನಿಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವೇ, ಅಥವಾ ಹೇಳಿದರೆ ಸಿಕ್ಕಿಬೀಳುತ್ತೇನೆ ಅನ್ನಿಸಿತೇ?

ನಿನಗೆ ಅಪ್ಪನ ಕೊನೆಯ ವರ್ಷ ನೆನಪಿದೆ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತ್ತು. ಆಮೇಲೆ ಆ ರಕ್ತವಾಂತಿ. "ಒಂದು ಹನಿ ಮುಟ್ಟಿಲ್ಲ ಕಣ್ರೋ" ಎಂದು ಕೊನೆಯವರೆಗೂ ಹೇಳುತ್ತಲೇ ಇದ್ದ. ಅಮ್ಮ ಅವನ ನೀಲಿ ಅಂಚಿನ ಪಿಂಗಾಣಿ ಲೋಟವನ್ನು ಮೂಸಿ ನೋಡುವಳು. ವಾಸನೆ ಬರದಿದ್ದರೆ "ತೊಳೆದಿಟ್ಟಿದ್ದಾರೆ, ಘಾಟಿ ಮನುಷ್ಯ" ಅನ್ನುವಳು. ಮಕ್ಕಳು ಮುಟ್ಟಬಾರದೆಂದು ಆ ಲೋಟವನ್ನು ಅಡುಗೆಮನೆಯ ಹೊರಗೆ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿರುತ್ತಿದ್ದಳು. ನಾನು ಆಗ ಅಮ್ಮನ ಪಕ್ಷ, ಈಗಲೂ ಅದೇ ಪಕ್ಷ.

ಆದ್ದರಿಂದ ಸುಳ್ಳು ಬೇಡ. ಕುಡಿಯುತ್ತಿದ್ದೀಯಾ? ಅಲ್ಲಿಯ ಕ್ಲಿನಿಕ್ಕಿನಲ್ಲಿ ಒಂದು ಟ್ಯೂಬು ರಕ್ತ ಕೊಟ್ಟು ನನಗೆ ಕಳಿಸು. ಏನು ನೋಡುತ್ತೀ ಎಂದು ಕೇಳಬೇಡ.

ನಿನ್ನ ಅಕ್ಕ


ಫೆಬ್ರವರಿ ೧೭

ಅಕ್ಕನಿಗೆ,

ಹರಿದು ಹಾಕಲಿಲ್ಲ. ಓದಿದೆ, ಮಡಚಿದೆ, ಮತ್ತೆ ಬಿಚ್ಚಿ ಓದಿದೆ. ಇದು ಕಾಗದವೋ ಠಾಣೆಯಿಂದ ಬಂದ ನೋಟೀಸೋ?

ಕುಡಿಯುವುದಿಲ್ಲ. ಇದನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೆ ನಂಬುತ್ತೀ ಹೇಳು, ಅಷ್ಟು ದಪ್ಪ ಬರೆಯುತ್ತೇನೆ.

ನನ್ನ ದಿನ ಹೇಗಿರುತ್ತದೆ ಎಂದು ನಿನಗೆ ಗೊತ್ತು, ಅಪ್ಪ ಮಾಡುತ್ತಿದ್ದ ಕೆಲಸವೇ. ಬೆಳಿಗ್ಗೆ ತೂಬಿನ ಚಕ್ರ ತಿರುಗಿಸಿ ಕಾಲುವೆಗೆ ನೀರು ಬಿಡುವುದು. ಆಮೇಲೆ ಸೊಂಟದವರೆಗೆ ಇಳಿದು, ಜಾಲರಿಗೆ ಸಿಕ್ಕಿಕೊಂಡ ಜೊಂಡನ್ನು ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕುವುದು. ಜೊಂಡಿನ ಜೊತೆ ಚಪ್ಪಲಿ, ಡಬ್ಬ, ಒಮ್ಮೆ ಒಂದು ಇಡೀ ಕುರ್ಚಿ ಬಂತು. ಅದರ ಮೇಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ಮೊದಲು ಕೊಕ್ಕೆ ಹಿಡಿದರೆ ಮಧ್ಯಾಹ್ನದವರೆಗೂ ದಣಿವು ಅಂತ ಇರಲಿಲ್ಲ. ಈಗ ಪಕ್ಕೆಯ ಕೆಳಗೆ ಯಾರೋ ಇಟ್ಟಿಗೆ ಇಟ್ಟ ಹಾಗೆ ಭಾರ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹೆಂಡತಿಯ ಎದುರಿಗೇ, "ಎಷ್ಟು ವರ್ಷದಿಂದ ಅಭ್ಯಾಸ?" ಅಂದರು. ಯಾವ ಅಭ್ಯಾಸ ಅಂದೆ. ಅವರು ನಕ್ಕರು. ಆ ನಗು ನನ್ನ ಹೆಂಡತಿಯ ತಲೆಯಲ್ಲಿ ಕೂತುಬಿಟ್ಟಿದೆ.

ಆದರೆ ನಗು ಕೂತದ್ದಷ್ಟೇ ಅಲ್ಲ. ಈಚೆಗೆ ಅವಳು ಮೂಸುತ್ತಾಳೆ. ಅಂಗಿ, ಟವೆಲು, ಕೆಮ್ಮಿನ ಔಷಧಿಯ ಬಾಟಲಿ. ಅಪ್ಪನ ಲೋಟವನ್ನು ನಾನು ತೂಬಿನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ, ನೀರು ಕುಡಿಯಲಿಕ್ಕೆ. ಮೊನ್ನೆ ಅಲ್ಲಿಗೇ ಬಂದು ಅದನ್ನು ಮೂಸಿದಳು. "ನಿಮ್ಮಪ್ಪನ ಲೋಟ, ನಿಮ್ಮಪ್ಪನ ಚಾಳಿ" ಅಂದಳು. ಮೂಸಿದ್ದು ಮೊದಲು ಸ್ವಲ್ಪ ದೂರದಿಂದ, ಆಮೇಲೆ ಮೂಗಿಗೆ ತಾಗಿಸಿ. ಥೇಟ್ ಅಮ್ಮನ ಹಾಗೆ. ಅಮ್ಮ ಮೂಸುತ್ತಿದ್ದುದನ್ನು ನನ್ನ ಹೆಂಡತಿ ಯಾವತ್ತೂ ಕಂಡವಳಲ್ಲ. ಕಂಡವರು ನಾವಿಬ್ಬರೇ.

ನೀನೇನಾದರೂ ಅವಳ ಹತ್ತಿರ ಮಾತಾಡಿದೆಯಾ?

ರಕ್ತ ಕೊಡುವುದಿಲ್ಲ. ಕೊಟ್ಟರೆ ಅದರಲ್ಲಿ ನೀನು ಏನು ಹುಡುಕುತ್ತೀ ಎಂದು ನನಗೂ ಗೊತ್ತು.

ಕುಡುಕನಲ್ಲದ ತಮ್ಮ


ಮಾರ್ಚ್ ೫

ತಮ್ಮನಿಗೆ,

ರಕ್ತ ಕೊಡದಿದ್ದರೆ ಬಿಡು. ಮುಚ್ಚಿಡುವವರಿಗೆ ಮುಚ್ಚಿಡಲು ಏನೋ ಇರುತ್ತದೆ, ಅಷ್ಟೇ ನನ್ನ ಮಾತು.

ನನ್ನದೂ ಇಲ್ಲಿ ಸುಖವಾಗಿಲ್ಲ. ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಲಿಲ್ಲ, ಇವತ್ತು ಕೇಳದೆಯೇ ಹೇಳುತ್ತೇನೆ. ನಮ್ಮ ಮೈಯ ಪ್ರತಿ ಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ. ಯಾವುದು ಯಾವಾಗ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದರಲ್ಲೇ ಬದುಕಿರುವುದು. ಲಿವರಿನಲ್ಲಿ ಕೆಲವು ಕೋಶಗಳು ಸುಮ್ಮನೆ ಮಲಗಿರುತ್ತವೆ. ಗಾಯವಾದಾಗ ಎದ್ದು, ನಾರು ನೇಯ್ದು, ತೇಪೆ ಹಾಕಿ, ಮತ್ತೆ ಮಲಗಬೇಕು. ಇನ್ನು ಹುಳುವಿನ ಕಥೆ ಕೇಳು. ಬಸವನಹುಳು ಇರುವ ನೀರಿಗೆ ಇಳಿದವರ ಚರ್ಮದೊಳಗೆ ಕಣ್ಣಿಗೆ ಕಾಣದ ಒಂದು ಮರಿ ತೂರಿಕೊಳ್ಳುತ್ತದೆ. ಬೆಳೆದು, ರಕ್ತನಾಳದಲ್ಲಿ ಜೋಡಿಯಾಗಿ ಸಂಸಾರ ಹೂಡುತ್ತದೆ. ಇಪ್ಪತ್ತು ಮೂವತ್ತು ವರ್ಷವೂ ಅಲ್ಲೇ ಠಿಕಾಣಿ. ಅದರ ಮೊಟ್ಟೆಗಳು ಲಿವರಿಗೆ ಹೋಗಿ ಸಿಕ್ಕಿಕೊಂಡಲ್ಲೆಲ್ಲ ತೇಪೆ ಶುರು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ಹುಳು ತನ್ನದೇ ಚಿಕ್ಕ ಚಿಕ್ಕ ಆರ್‌ಎನ್‌ಎ ತುಣುಕುಗಳನ್ನು ಬಿಡುತ್ತದೆ, ಲ್ಯಾಬಿನಲ್ಲಿ ನಾವು ಅವನ್ನು ಚೀಟಿ ಅನ್ನುತ್ತೇವೆ. ಚೀಟಿ ಕೋಶದೊಳಗೆ ಹೋಗಿ, ತೇಪೆಯ ಜೀನಿಗೆ ಇದ್ದ ತಡೆಯನ್ನು ತೆಗೆದುಬಿಡುತ್ತದೆ. ಕೋಶಕ್ಕೆ ನಿಲ್ಲಿಸುವುದೇ ಮರೆತುಹೋಗುತ್ತದೆ. ಲಿವರ್ ಕಲ್ಲಾಗುತ್ತದೆ.

ಕುಡಿತದಿಂದಲೂ ಲಿವರ್ ಕಲ್ಲಾಗುತ್ತದೆ. ಆದರೆ ಆ ರಕ್ತದಲ್ಲಿ ಹುಳುವಿನ ಚೀಟಿ ಇರುವುದಿಲ್ಲ. ಒಂದು ಹನಿ ರಕ್ತದಲ್ಲಿ ಚೀಟಿ ಹುಡುಕುವ ಪರೀಕ್ಷೆಯನ್ನು ನಾನು ಕಟ್ಟುತ್ತಿದ್ದೇನೆ. ಕನಸು ಕಾಣಬೇಡ, ನಮ್ಮ ಕಾಲುವೆಯಲ್ಲಿ ಆ ಹುಳು ಇಲ್ಲವೆಂದು ಹಿಂದೆ ಸರ್ವೆ ಮಾಡಿದವರು ಬರೆದಿದ್ದಾರೆ. ನಿನಗೆ ಆ ನೆಪ ಸಿಗುವುದಿಲ್ಲ.

ತೊಂದರೆ ಏನೆಂದರೆ, ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಊರೆಲ್ಲ ಅಲೆಯುವುದೇಕೆ, ನನ್ನ ತೋಳೇ ಇದೆಯಲ್ಲ ಎಂದು ಮೊದಲಿನಿಂದಲೂ ನಾನೇ ಕೊಡುತ್ತಾ ಬಂದಿದ್ದೇನೆ. ಲ್ಯಾಬಿನ ಮಿಕ್ಕವರು ಸೂಜಿ ಕಂಡರೆ ಮಾರು ದೂರ. ಈಗ ನೋಡಿದರೆ ಆರೋಗ್ಯದ ಟ್ಯೂಬಿನಲ್ಲೂ ಚೀಟಿ ಕಾಣುತ್ತಿದೆ! ಅಂದರೆ ಯಾರೋ ರೋಗಿಗಳ ರಕ್ತವನ್ನು ಅದಕ್ಕೆ ತಾಗಿಸುತ್ತಿದ್ದಾರೆ. ಟ್ಯೂಬು ತುಂಬುವವನು ಒಬ್ಬನೇ, ಊಟಕ್ಕೆ ಹೋಗುವಾಗಲೂ ಕೈಗವಸು ತೆಗೆಯದ ಒಬ್ಬ ಆಸಾಮಿ. ನಾವೆಲ್ಲ ಅವನನ್ನು ಗ್ಲೌಸು ಎಂದೇ ಕರೆಯುವುದು. ಅಷ್ಟು ಶುಚಿಯ ನಾಟಕ ಆಡುವವನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ನಿನ್ನ ಹೆಂಡತಿಯ ವಿಷಯ ಕೇಳಿದ್ದೀ. ಅವಳಿಗೂ ಕಣ್ಣು ಮೂಗು ಇವೆ, ನಾನು ಹೇಳಿಕೊಡಬೇಕೇ?

ಅಕ್ಕ


ಮಾರ್ಚ್ ೨೮

ಅಕ್ಕನಿಗೆ,

"ನಾನು ಹೇಳಿಕೊಡಬೇಕೇ?" ಎಂದು ಬರೆದೆಯಲ್ಲ, "ಹೇಳಿಕೊಟ್ಟಿಲ್ಲ" ಎಂದು ಬರೆಯಲಿಲ್ಲ. ಅದನ್ನು ಓದಿದಾಗಲೇ ನನಗೆ ಹೊಳೆಯಬೇಕಿತ್ತು.

ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಜಗಳ ದೊಡ್ಡದೇನೂ ಅಲ್ಲ. ಜಾಲರಿಯ ಹತ್ತಿರ ತಲೆ ತಿರುಗಿ ದಡದಲ್ಲಿ ಮಲಗಿಬಿಟ್ಟಿದ್ದೆ. ಯಾರೋ ನೋಡಿ ಅವಳಿಗೆ ಹೇಳಿದರು, ಅವಳು ಬಂದು ನನ್ನ ಬಾಯಿ ಮೂಸಿದಳು. ಬದುಕಿದ್ದೀನೋ ಸತ್ತಿದ್ದೀನೋ ಅಂತ ನೋಡುವ ಮುಂಚೆ ಬಾಯಿ ಮೂಸಿದಳು ಅಕ್ಕಾ. ನಾನೂ ಬಾಯಿಗೆ ಬಂದ ಹಾಗೆ ಅಂದೆ. ಅದಕ್ಕೆ ಅವಳು ಅಂದದ್ದು ಇಷ್ಟು: "ನನಗೇನು ಕನಸು ಬಿತ್ತಾ? ನಿಮ್ಮ ಸ್ವಂತ ಅಕ್ಕನೇ ಫೋನ್ ಮಾಡಿ ಹೇಳಿದ್ದು. ವಾಸನೆ ಬರದಿದ್ರೆ ತೊಳೆದಿಟ್ಟಿದ್ದಾನೆ ಅಂತ ತಿಳ್ಕೋ ಅಂದ್ರು."

ಈಗ ಹೇಳು, ನಾನು ಯಾವ ಕೋರ್ಟಿಗೆ ಹೋಗಲಿ? ವಾಸನೆ ಬಂದರೂ ಕುಡುಕ, ಬರದಿದ್ದರೂ ಕುಡುಕ. ಅಪ್ಪ ಆ ಮನೆಯಲ್ಲಿ ಹೇಗೆ ಬದುಕಿದ್ದನೋ ಎಂದು ಈಗ ಅರ್ಥವಾಗುತ್ತಿದೆ.

ಮಗಳು ಹೋಗುವಾಗ ಹಿಂತಿರುಗಿ ನೋಡಿದಳು. ಅವಳ ಕಣ್ಣಲ್ಲೂ ಅದೇ ಇತ್ತು, ನಾನು ಆ ವಯಸ್ಸಿನಲ್ಲಿ ಅಪ್ಪನನ್ನು ನೋಡುತ್ತಿದ್ದ ನೋಟ.

ಇನ್ನು ಕಾಗದ ಬರೆಯಬೇಡ.


ಏಪ್ರಿಲ್ ೨೦

ತಮ್ಮನಿಗೆ,

ಬರೆಯಬೇಡ ಎಂದರೆ ಬಿಡುವವಳಲ್ಲ ನಾನು.

ಹೌದು, ಹೇಳಿದೆ. ಹೇಗೆ ಮೂಸಬೇಕು ಎಂದೂ ಹೇಳಿದೆ. ಅಪ್ಪನನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದರೆ ಉಳಿಯುತ್ತಿದ್ದನೇನೋ ಎಂಬ ಸಂಕಟದಲ್ಲೇ ನಾನು ದೊಡ್ಡವಳಾದೆ. ನಿನ್ನನ್ನಾದರೂ ಹಿಡಿಯೋಣ ಎಂದುಕೊಂಡೆ. ಅದು ನಿನಗೆ ಚಾಡಿಯಂತೆ ಕಂಡರೆ ಕಾಣಲಿ. ನನಗೆ ಹೆದರಿಕೆ ಕಣೋ. ನನಗೆ ಇರುವವನು ನೀನೊಬ್ಬನೇ ತಮ್ಮ.

ಅವಳು ಮನೆ ಬಿಡುತ್ತಾಳೆ ಎಂದುಕೊಂಡಿರಲಿಲ್ಲ. ಕಾವಲು ಕಾಯಿ ಅಂದಿದ್ದೆ, ಹೊರಡು ಅಂದಿರಲಿಲ್ಲ. ಅವಳಿಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ.

ಅಮ್ಮನಿಗೆ ವಿಷಯ ಹೇಳಿದೆ. ಇಲ್ಲಿ ನನ್ನ ಜೊತೆಗಿದ್ದೂ ಅವಳ ಮನಸ್ಸು ಆ ಕಾಲುವೆಯ ಮನೆಯಲ್ಲೇ ಇದೆ. "ಅಪ್ಪನ ರಕ್ತ, ಎಲ್ಲಿಗೆ ಹೋಗುತ್ತೆ" ಅಂದು ಟಿ.ವಿ. ಸದ್ದು ಜಾಸ್ತಿ ಮಾಡಿದಳು.

ಗ್ಲೌಸಿನ ಮೇಲೆ ನಮ್ಮ ಲ್ಯಾಬಿನ ದೊಡ್ಡ ಡಾಕ್ಟರಿಗೆ ದೂರು ಕೊಟ್ಟೆ. ಅವನನ್ನು ನನ್ನ ಕೋಣೆಯಿಂದ ತೆಗೆದು, ಗಾಜು ತೊಳೆಯುವ ಕಡೆಗೆ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಾನೇನ್ ಮಾಡ್ದೆ ಮೇಡಮ್ಮೋರೆ?" ಅಂದ. ತಪ್ಪು ಮಾಡಿದವರೆಲ್ಲ ಹಾಗೇ ಕೇಳುವುದು ಎಂದೆ. ಈಗ ಎಲ್ಲವನ್ನೂ ನನ್ನ ಕೈಯಾರೆ ಮಾಡುತ್ತೇನೆ. ಸೂಜಿ ಹಾಕುವುದರಿಂದ ಹಿಡಿದು ಯಂತ್ರಕ್ಕೆ ಇಡುವವರೆಗೆ, ಕೋಣೆಗೆ ಬೀಗ ಹಾಕಿಕೊಂಡು. ಅವನ ಬಣ್ಣ ಬಯಲಾಗಲಿ.

ಹೊಟ್ಟೆಯ ಭಾರ ಹೇಗಿದೆ ಎಂದಾದರೂ ಬರೆ.

ಅಕ್ಕ


ಮೇ ೬

ತಮ್ಮನಿಗೆ,

ನೀನು ಬರೆಯಲಿಲ್ಲ. ಗೇಟಿನ ಅಂಚೆ ಡಬ್ಬಿಯನ್ನು ಹೋಗುತ್ತ ಬರುತ್ತ ನೋಡಿ, ವಾಚ್‌ಮನ್ ಈಗ ನನ್ನನ್ನು ಕಂಡರೆ ತಾನೇ ತಲೆಯಾಡಿಸುತ್ತಾನೆ.

ನನ್ನ ಕೈಯಾರೆ ಮಾಡಿದ್ದರಲ್ಲೂ ಆರೋಗ್ಯದ ಟ್ಯೂಬಿನಲ್ಲಿ ಚೀಟಿ ಬಂತು. ರಾಸಾಯನಿಕವೇ ಕೆಟ್ಟಿದೆಯೋ ಎಂದು ಬರೀ ನೀರಿನ ಟ್ಯೂಬು ಇಟ್ಟು ನೋಡಿದೆ. ಅದರಲ್ಲಿ ಏನೂ ಇಲ್ಲ. ಯಂತ್ರ ಸರಿ, ರಾಸಾಯನಿಕ ಸರಿ, ಬೀಗವೂ ಸರಿ. ಹಾಗಾದರೆ ಯಾರ ಬಳಿಯೋ ಇನ್ನೊಂದು ಬೀಗದಕೈ ಇದೆ. ದೊಡ್ಡ ಡಾಕ್ಟರ ಮೇಲೂ ಈಗ ಒಂದು ಕಣ್ಣಿಟ್ಟಿದ್ದೇನೆ. ನನ್ನ ಕೆಲಸ ಕೆಟ್ಟರೆ ಯಾರಿಗೆ ಲಾಭ ಎಂದು ಯೋಚಿಸುತ್ತಾ ಕೂತರೆ ಲ್ಯಾಬಿನಲ್ಲಿ ಒಬ್ಬರೂ ಉಳಿಯುವುದಿಲ್ಲ.

ಸಿಟ್ಟಿದ್ದರೆ ಬೈದಾದರೂ ಬರೆ. ಸುಮ್ಮನಿರಬೇಡ.

ಅಕ್ಕ


ಜೂನ್ ೧೧

ಅಕ್ಕನಿಗೆ,

ಅಕ್ಷರ ಸೊಟ್ಟಗಿದ್ದರೆ ಬೇರೆ ಅರ್ಥ ಮಾಡಿಕೊಳ್ಳಬೇಡ. ಕೈಗೆ ಸೂಜಿ ಚುಚ್ಚಿದ್ದಾರೆ, ಆಸ್ಪತ್ರೆಯಲ್ಲಿದ್ದೇನೆ.

ತೂಬಿನ ಕೋಣೆಯಲ್ಲಿ ರಕ್ತವಾಂತಿ ಆಯಿತು. ಅಪ್ಪನಿಗೆ ಆದ ಹಾಗೇ. ನೆಲದ ಮೇಲೆ ಅದನ್ನು ನೋಡುತ್ತಾ, ಸರಿ, ಇನ್ನು ನನ್ನ ಲೋಟವನ್ನೂ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಾರೆ ಎಂದುಕೊಂಡೆ. ಗಂಟಲೊಳಗೆ ಟ್ಯೂಬು ಬಿಟ್ಟು ರಕ್ತ ಒಸರುವುದನ್ನು ನಿಲ್ಲಿಸಿದರು. ಹೆಂಡತಿ ಬಂದಿದ್ದಾಳೆ. ಮಂಚದ ಪಕ್ಕ ಕೂತು ಆರೈಕೆ ಮಾಡುತ್ತಾಳೆ. ದಿಂಬಿನ ಕೆಳಗೆ ಕೈಯಾಡಿಸಿ ನೋಡಿದಳು. ನಾನು ನಿದ್ದೆ ಬಂದವನ ಹಾಗೆ ಮಲಗಿದ್ದೆ.

ಡಾಕ್ಟರು ಬದಲಾಗಿದ್ದಾರೆ. ಈಗ ಬಂದವರು ಚಿಕ್ಕ ವಯಸ್ಸಿನವರು. ಅಭ್ಯಾಸ ಎಷ್ಟು ವರ್ಷದ್ದು ಎಂದು ಕೇಳಲಿಲ್ಲ, ಕೆಲಸ ಏನು ಎಂದು ಕೇಳಿದರು. ಕಾಲುವೆ ಅಂದೆ. ಒಂದು ಟ್ಯೂಬು ರಕ್ತ ತೆಗೆದು ನಿಮ್ಮ ಲ್ಯಾಬಿಗೇ ಕಳಿಸಿದ್ದಾರೆ. ಕೊನೆಗೂ ನಿನ್ನ ಹಟವೇ ಗೆದ್ದಿತು. ಹುಡುಕು, ನಿನಗೆ ಬೇಕಾದ್ದು ಸಿಗಲಿ.

ಆ ಸರ್ವೆಯವರ ಬಗ್ಗೆ ಬರೆದಿದ್ದೆಯಲ್ಲ. ಅವರು ಬಂದಾಗ ರಿಪೇರಿಗೆಂದು ಕಾಲುವೆ ಬತ್ತಿಸಿದ್ದೆವು. ಒಣಗಿದ ಕೆಸರು ನೋಡಿ, ಟೀ ಕುಡಿದು ಹೋದರು.

ಮಲಗಿದಲ್ಲೇ ಹಳೆಯದೆಲ್ಲ ನೆನಪಾಗುತ್ತದೆ. ಅಪ್ಪ ಜೊಂಡು ಎಳೆಯುವಾಗ ನಾವಿಬ್ಬರೂ ಜಾಲರಿಯ ಹತ್ತಿರ ಇಳಿಯುತ್ತಿದ್ದೆವು. ನೀನೇ ಮುಂದೆ, ನಾನು ನಿನ್ನ ಲಂಗದ ತುದಿ ಹಿಡಿದು. ಮನೆಗೆ ಬಂದರೆ ಕಾಲೆಲ್ಲ ತುರಿಕೆ. ಅಪ್ಪ ಎಣ್ಣೆ ಹಚ್ಚುತ್ತಾ, ನಿನ್ನ ಕಾಲಿಗೇ ಜಾಸ್ತಿ ಹಚ್ಚುತ್ತಿದ್ದ, ನೀನು ಜಾಸ್ತಿ ಅಳುತ್ತಿದ್ದೆ ಅಂತ. ಒಂದೇ ನೀರು, ಒಂದೇ ಎಣ್ಣೆ. ಆಮೇಲೆ ಅಪ್ಪ ಕುಡುಕ, ನಾನು ಕುಡುಕ, ನೀನೊಬ್ಬಳು ಮಾತ್ರ ಶುದ್ಧ. ಇದು ಹೇಗೆ ಅಂತ ನಿನ್ನ ಯಂತ್ರಕ್ಕೆ ಕೇಳಿ ನೋಡು.

ತಮ್ಮ


ಜೂನ್ ೨೪

ತಮ್ಮನಿಗೆ,

ಯಂತ್ರಕ್ಕೆ ಕೇಳಿದೆ.

ನಿನ್ನ ಕಾಗದವನ್ನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಓದಿದೆ. ತುರಿಕೆಯ ಮಾತು ಬಂದಾಗ ಕಾಲು ಎಳೆದುಕೊಂಡೆ. ಮಕ್ಕಳ ಕಾಲಿನ ಆ ತುರಿಕೆ ಏನೆಂದು ನಾನು ಪಾಠ ಮಾಡುವವಳು. ಹುಳುವಿನ ಮರಿ ಚರ್ಮದೊಳಗೆ ಹೋದ ಗುರುತು ಅದು. ಬೇರೆಯವರ ಕಾಲಿನದಾದರೆ ಕೂಡಲೇ ಹೇಳುತ್ತಿದ್ದೆ.

ಎದ್ದು ಗಾಜು ತೊಳೆಯುವ ಕೋಣೆಗೆ ಹೋದೆ. ಗ್ಲೌಸು ನನ್ನನ್ನು ಕಂಡು ಗೋಡೆಗೆ ಸರಿದು ನಿಂತ. "ನಿನ್ನ ರಕ್ತ ಸ್ವಲ್ಪ ಬೇಕು" ಎಂದೆ. ಅವನು ಅನುಮಾನದಿಂದ ನನ್ನನ್ನೇ ನೋಡಿದ. "ಈಗ ಯಾವ ಕೇಸ್ ಹಾಕ್ತೀರಾ?" ಅಂದ. ತಪ್ಪಾಯಿತು ಎಂದೆ. ಆಮೇಲೆ ತೋಳು ಚಾಚಿದ. ಕೈಗವಸು ತೆಗೆದದ್ದನ್ನು ಮೊದಲ ಸಲ ನೋಡಿದೆ. ಅವನ ಬೆರಳುಗಳೂ ಎಲ್ಲರ ಬೆರಳಿನ ಹಾಗೇ ಇದ್ದವು.

ಗ್ಲೌಸಿನ ಟ್ಯೂಬಿನಲ್ಲಿ ಚೀಟಿ ಇಲ್ಲ. ನಿನ್ನದರಲ್ಲಿ ಇದೆ, ಬೇಕಾದಷ್ಟಿದೆ. ನನ್ನದರಲ್ಲೂ ಇದೆ. ನನ್ನ ಪರೀಕ್ಷೆ ಮೊದಲಿನಿಂದಲೂ ಸರಿಯಾಗೇ ಇತ್ತು. ಆರೋಗ್ಯದ ಟ್ಯೂಬಿಗೆ ತೋಳು ಕೊಟ್ಟವಳೇ ಸರಿ ಇರಲಿಲ್ಲ. ನನ್ನನ್ನು ನಾನು ಒಮ್ಮೆಯೂ ಅನುಮಾನಿಸಲಿಲ್ಲ ನೋಡು, ಮಿಕ್ಕ ಲೋಕವನ್ನೆಲ್ಲ ಅನುಮಾನಿಸಿದೆ. ಸ್ಕ್ಯಾನ್ ಮಾಡಿಸಿಕೊಂಡೆ. ನನ್ನ ಲಿವರಿನಲ್ಲೂ ರಕ್ತನಾಳಗಳ ಸುತ್ತ ಬಿಳಿ ಕಲೆಗಳಿವೆ. ನಾನು ಹುಡುಗಿಯಾಗಿದ್ದಾಗಲೇ ಆ ನೀರು ಬಿಟ್ಟು ನಗರ ಸೇರಿದೆ, ಅದಕ್ಕೇ ಕಮ್ಮಿ. ನೀನು ದಿನಾ ಇಳಿದೆ. ಅಪ್ಪ ಬದುಕೆಲ್ಲ ಇಳಿದಿದ್ದ.

ನೀನು ಕುಡಿದಿಲ್ಲ. ಅಪ್ಪನೂ ಕುಡಿದಿರಲಿಲ್ಲ.

ನಿಮ್ಮ ಡಾಕ್ಟರಿಗೆ ಎಲ್ಲವನ್ನೂ ಬರೆದಿದ್ದೇನೆ, ಹುಳು ಸಾಯಿಸುವ ಮಾತ್ರೆ ಕೊಡುತ್ತಾರೆ. ಮಗಳ ರಕ್ತವನ್ನೂ ತಕ್ಷಣ ಕಳಿಸು. ಅವಳೂ ಜಾಲರಿಯ ಹತ್ತಿರ ಆಡುವವಳು. ಒಂದು ವಿಷಯವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹುಳು ಸತ್ತರೂ, ತೆರೆದುಕೊಂಡ ಜೀನು ಕೂಡಲೇ ಮುಚ್ಚಿಕೊಳ್ಳುತ್ತದೆ ಎನ್ನಲಾಗದು. ಚೀಟಿ ಕೊಟ್ಟವನು ಹೋದ ಮೇಲೂ ತೇಪೆ ಕೆಲಸ ಕೆಲವು ಕಾಲ ನಡೆದೇ ಇರುತ್ತದೆ. ನಾನು ನಿನ್ನ ಹೆಂಡತಿಯ ಕಿವಿಗೆ ಹಾಕಿದ ಮಾತೂ ಹಾಗೇ ಅಲ್ಲವೇ. ಈ ಕಾಗದವನ್ನು ಅವಳಿಗೆ ಓದಿ ಹೇಳು. ಅವಳ ಮುಂದೆ ಬಂದು ನಿಲ್ಲುವ ಮುಖ ನನಗಿನ್ನೂ ಇಲ್ಲ.

ಅಮ್ಮನಿಗೆ ಹೇಳಿದೆ. ಟಿ.ವಿ. ಆರಿಸಿದಳು. "ಹಾಗಾದ್ರೆ ಅವರು ತೊಳೆದಿಡ್ತಿರಲಿಲ್ವಾ?" ಅಂದಳು. ಇಲ್ಲಮ್ಮ ಎಂದೆ. "ಬರೀ ನೀರಾ?" ಅಂದಳು. ಹೌದು ಎಂದೆ. ಆಮೇಲೆ ಆ ಲೋಟ ಎಲ್ಲಿದೆ ಎಂದು ಕೇಳಿದಳು. ನಿನ್ನ ಹತ್ತಿರ ಇದೆ ಎಂದಿದ್ದೇನೆ. ಅದನ್ನು ತರಿಸಿಕೊಡು, ತರಿಸಿಕೊಡು ಎಂದು ಅದೊಂದೇ ಹಟ ಹಿಡಿದಿದ್ದಾಳೆ.

ನಿನ್ನ ಅಕ್ಕ


ಜುಲೈ ೯

ಅಕ್ಕನಿಗೆ,

ಮನೆಗೆ ಬಂದಿದ್ದೇನೆ. ಮಾತ್ರೆ ನುಂಗಿ ಆಯಿತು. ನೀರಿಗೆ ಇಳಿಯುವ ಕೆಲಸ ಇನ್ನಿಲ್ಲ, ಚಕ್ರ ತಿರುಗಿಸುವುದಷ್ಟೇ. ಜಾಲರಿಯ ಕೆಲಸಕ್ಕೆ ಬಂದವನಿಗೆ ತೊಡೆಯವರೆಗಿನ ರಬ್ಬರ್ ಬೂಟು ಕೊಡಿಸುವವರೆಗೂ ತೂಬು ತೆರೆಯಲಿಲ್ಲ. ಮೇಲಿನವರು ಬಂದು ಕೂಗಾಡಿದರು. ಆಸ್ಪತ್ರೆಯ ಕಾಗದ ತೋರಿಸಿದೆ, ಬೂಟು ತರಿಸಿದರು.

ಮಗಳ ರಕ್ತದಲ್ಲೂ ಹುಳುವಿನ ಚೀಟಿ ಸಿಕ್ಕಿತಲ್ಲ. ಅವಳಿಗೂ ಮಾತ್ರೆ ಕೊಟ್ಟರು. ಅವಳ ಲಿವರ್ ಇನ್ನೂ ಮೆತ್ತಗಿದೆಯಂತೆ. ಅದನ್ನು ಕೇಳಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ನಿನ್ನ ಪರೀಕ್ಷೆ ಇಲ್ಲದಿದ್ದರೆ ಅವಳ ಗಂಡನೂ ಮುಂದೊಂದು ದಿನ ಅವಳ ಲೋಟ ಮೂಸುತ್ತಿದ್ದನೇನೋ.

ನಿನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೇಳಿ ಏನು ಅಂದಳು ಗೊತ್ತೇ? "ನಿಮ್ಮನ್ನ ಉಳಿಸ್ಕೊಳ್ಳೋಕೆ ನಿಮ್ಮಕ್ಕ ಸುಳ್ಳು ಬರೆದಿರಬಹುದಲ್ಲಾ?" ನೀನು ಕೊಟ್ಟ ಪಾಠ, ಚೆನ್ನಾಗಿ ಕಲಿತಿದ್ದಾಳೆ. ನಾನು ಅಂದೆ, "ನಮ್ಮಕ್ಕ ನನಗೋಸ್ಕರ ಸುಳ್ಳು ಹೇಳೋಳಾಗಿದ್ರೆ ಫೆಬ್ರವರಿಯಲ್ಲೇ ಹೇಳ್ತಿದ್ಳು ಕಣೇ." ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ನಕ್ಕವಳೇ ಅಳಲಿಕ್ಕೆ ಶುರು ಮಾಡಿದಳು, ಅದು ಬೇರೆ ವಿಷಯ.

ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ. ಹೋಗಲಿಕ್ಕೆ ಸಮಯ ಬೇಕು. ಆದರೆ ನೀನೂ ಆ ಮಾತ್ರೆಯನ್ನು ತಪ್ಪದೆ ತೆಗೆದುಕೋ. ತೆಗೆದುಕೊಂಡೆ ಎಂದು ಬರೆದರೆ ನಂಬುತ್ತೇನೆ, ಮೂಸಿ ನೋಡಲು ಬರುವುದಿಲ್ಲ.

ಅಮ್ಮನಿಗೆ ಹೇಳು, ಲೋಟ ಕಳಿಸುವುದಿಲ್ಲ. ಅದರಲ್ಲಿ ನಾನು ದಿನಾ ನೀರು ಕುಡಿಯುತ್ತೇನೆ, ಈಗ ಮಗಳೂ ಅದೇ ಬೇಕು ಅನ್ನುತ್ತಾಳೆ. ಅಷ್ಟು ಬೇಕಿದ್ದರೆ ಅಮ್ಮನೇ ಇಲ್ಲಿಗೆ ಬರಲಿ. ಅಡುಗೆಮನೆಯ ಒಳಗೆ ಕೂತು, ಅಪ್ಪನ ಲೋಟದಲ್ಲಿ ಒಂದು ಸಲ ನೀರು ಕುಡಿದು ಹೋಗಲಿ.

ತಮ್ಮ